ಹೃದಯದ ಆಂಜಿಯೋಗ್ರಾಂ: ಬಣ್ಣದ್ರವ್ಯ ಮತ್ತು ಮೂತ್ರಪಿಂಡಗಳ ರಕ್ಷಣೆ

ಹೃದಯದ ರಕ್ತನಾಳಗಳಲ್ಲಿನ ತಡೆಯನ್ನು ಎಕ್ಸ್‌-ರೇ ಮೂಲಕ ಗುರುತಿಸಲು ಅಯೋಡಿನ್‌ಯುಕ್ತ ಬಣ್ಣದ್ರವ್ಯವನ್ನು (ಡೈ) ನೀಡಲಾಗುತ್ತದೆ. ಆರೋಗ್ಯವಂತ ಮೂತ್ರಪಿಂಡಗಳು ಇದರ ಬಹುಭಾಗವನ್ನು 24 ಗಂಟೆಗಳೊಳಗೆ ಹೊರಹಾಕುತ್ತವೆ. ಮೂತ್ರಪಿಂಡದ ಕಾಯಿಲೆ ಉಳ್ಳವರಲ್ಲಿ, ವಿಶೇಷವಾಗಿ ಜೊತೆಗೆ ಮಧುಮೇಹವಿದ್ದಲ್ಲಿ, ಹಾನಿಯ ಸಂಭವ ಹೆಚ್ಚು.

ಬಣ್ಣದ್ರವ್ಯವನ್ನು ರಕ್ತದಿಂದ ತೆಗೆಯುವ ವಿಧಾನಗಳು

ಹೃದಯದ ಸ್ನಾಯುವಿನಿಂದ ಮರಳುವ ರಕ್ತದ ಬಹುಪಾಲು ಕೊರೋನರಿ ಸೈನಸ್ ಎಂಬ ಅಭಿಧಮನಿಯನ್ನು ಸೇರುತ್ತದೆ. ಅಲ್ಲಿ ನಳಿಕೆ ಇರಿಸಿ ಬಣ್ಣದ್ರವ್ಯವನ್ನು ಹೊರತೆಗೆಯುವ ಪ್ರಯೋಗಗಳು ನಡೆದಿವೆ. ಆದರೆ ಇದು ವಾಡಿಕೆಯ ಚಿಕಿತ್ಸೆಯಲ್ಲ. ಡಯಾಲಿಸಿಸ್ ಬಣ್ಣದ್ರವ್ಯವನ್ನು ತೆಗೆಯುತ್ತದೆಯಾದರೂ, ಮುನ್ನೆಚ್ಚರಿಕೆಯಾಗಿ ಮಾಡಿದಾಗ ಹಾನಿಯನ್ನು ತಡೆದಿರುವುದು ಸಾಬೀತಾಗಿಲ್ಲ. ಆದುದರಿಂದ ಕನಿಷ್ಠ ಪ್ರಮಾಣದ ಬಣ್ಣದ್ರವ್ಯ ಹಾಗೂ ವೈದ್ಯರು ಸೂಚಿಸಿದಷ್ಟು ಸಲೈನ್, ಇವೇ ಮುಖ್ಯ ರಕ್ಷಣೆ.

ರೋಗಿಗಳು ಗಮನಿಸಬೇಕಾದ ಅಂಶಗಳು

1. ಪರೀಕ್ಷೆಗೆ ಮುನ್ನ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸತಕ್ಕದ್ದು.
2. ಮೆಟ್‌ಫಾರ್ಮಿನ್, ನೋವುನಿವಾರಕ ಮಾತ್ರೆ ಸೇವಿಸುತ್ತಿದ್ದಲ್ಲಿ ಅಥವಾ ಹಿಂದೆ ಅಲರ್ಜಿ ಆಗಿದ್ದಲ್ಲಿ ವೈದ್ಯರಿಗೆ ತಿಳಿಸತಕ್ಕದ್ದು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.
3. ಹಾನಿಯು ನೋವಿಲ್ಲದೆ, ಮನೆಗೆ ಮರಳಿದ ನಂತರ ಕಾಣಿಸಬಹುದು. ಆದ್ದರಿಂದ ಅಪಾಯವುಳ್ಳವರು 48ರಿಂದ 72 ಗಂಟೆಗಳಲ್ಲಿ ಮರುಪರೀಕ್ಷೆ ಮಾಡಿಸಬೇಕು. ಮುಗದ ಗ್ರಾಮಸ್ಥರು ಇದಕ್ಕಾಗಿ ಧಾರವಾಡದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು.
4. ಮೂತ್ರ ಕಡಿಮೆಯಾದಲ್ಲಿ, ಕಾಲು ಊದಿಕೊಂಡಲ್ಲಿ ವಿಳಂಬ ಮಾಡಬಾರದು.

ಆರ್ಥಿಕ ನೆರವು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ನಿಗದಿತ ಚಿಕಿತ್ಸೆಗಳ ಸೌಲಭ್ಯವಿದೆ. ಆಧಾರ್ ಹಾಗೂ ಪಡಿತರ ಚೀಟಿ ಹಾಜರುಪಡಿಸತಕ್ಕದ್ದು. ತೀವ್ರ ಎದೆನೋವಿದ್ದಲ್ಲಿ ಯಾವುದೇ ದಾಖಲೆಗಾಗಿ ಕಾಯದೆ ಕೂಡಲೇ 108ಕ್ಕೆ ಕರೆ ಮಾಡುವುದು.