ಅಜ್ಞಾತಫಲ: ಅನಾನಸಿನ ಚರಿತ್ರೆ, ಸಸ್ಯಸ್ವರೂಪ ಮತ್ತು ಔಷಧೀಯ ಮೌಲ್ಯ

ಮಲಪ್ರಭೆಯ ಬಯಲಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳಲ್ಲಿ ಮದುವೆಯ ಪಂಕ್ತಿಗೆ ಅನಾನಸಿನ ಶಿರಾ ಬಡಿಸುವುದು ಇಂದು ಹೊಸದೇನೂ ಅಲ್ಲ. ಪೇಟೆಯಲ್ಲಿ ಹೆಚ್ಚಿದ ಹೋಳುಗಳು ಉಪ್ಪು ಖಾರದೊಡನೆ ಸಿಗುತ್ತವೆ. ಪರಿಚಯ ಬೆಳೆದಂತೆ ಈ ಹಣ್ಣಿನ ಸುತ್ತ ಎರಡು ಮಾತುಗಳೂ ಬೆಳೆದಿವೆ. ಅನಾನಸು ನಮ್ಮ ಪ್ರಾಚೀನರಿಗೆ ತಿಳಿದಿದ್ದ ಹಣ್ಣು, ಅದರ ರೂಪ ಗುಡಿಬಸದಿಗಳ ಶಿಲ್ಪದಲ್ಲಿಯೂ ಇದೆ ಎಂಬುದು ಮೊದಲನೆಯದು. ಅದು ಹಲವು ರೋಗಗಳಿಗೆ ಸಿದ್ಧೌಷಧ ಎಂಬುದು ಎರಡನೆಯದು. ಮೊದಲನೆಯ ಮಾತು ನಿಜವಾದರೆ ಎರಡನೆಯದಕ್ಕೆ ಶಾಸ್ತ್ರದ ಬಲ ಬರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಪರಿಶೀಲಿಸುವುದು ಯುಕ್ತ.

ವೈದ್ಯಗ್ರಂಥಗಳ ಮೌನ

ಕನ್ನಡ ನಾಡಿನ ಜೈನ ವೈದ್ಯಪರಂಪರೆ ಬಹು ಸಮೃದ್ಧವಾದುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನಾದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದನು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದ್ದು ಆ ಗ್ರಂಥದ ಹಿರಿಮೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವನ್ನು ಕುರಿತ ಗ್ರಂಥ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿ ಅಡುಗೆಯ ವಿದ್ಯೆಯನ್ನೂ ಕಾವ್ಯಕ್ಕೆ ತಂದನು.

ಗಿಡಮೂಲಿಕೆ, ಹಣ್ಣು, ಕಾಯಿಪಲ್ಯಗಳನ್ನು ಇಷ್ಟು ಹತ್ತಿರದಿಂದ ಕಂಡ ಈ ಪರಂಪರೆಗೆ ಅನಾನಸಿನ ಪರಿಚಯವಿಲ್ಲ. ಇದು ಅವರ ಕೊರತೆಯಾಗದು. ಹಣ್ಣು ಆಗ ನಮ್ಮ ಸಮುದ್ರತೀರವನ್ನೇ ಮುಟ್ಟಿರಲಿಲ್ಲ. ಸುಗಂಧವರ್ತಿ ಎಂದು ಶಾಸನಗಳು ಕರೆದ ಸವದತ್ತಿಯಲ್ಲಿ ರಟ್ಟರು ಆಳಿದರು, ಬಸದಿಗಳನ್ನು ಕಟ್ಟಿಸಿ ಭೂಮಿಯನ್ನು ದತ್ತಿ ಬಿಟ್ಟರು. ನಾಲ್ಕನೆಯ ಕಾರ್ತವೀರ್ಯನ ಆಶ್ರಯದಲ್ಲಿ ಪಾರ್ಶ್ವಪಂಡಿತನು ‘ಪಾರ್ಶ್ವನಾಥಪುರಾಣ’ವನ್ನು ರಚಿಸಿದನು. ಆ ಅರಸರ ತೋಟಗಳಲ್ಲಾಗಲಿ ಆ ಕವಿಯ ಎಲೆಯ ಮೇಲಾಗಲಿ ಅನಾನಸು ಇದ್ದಿರಲು ಸಾಧ್ಯವಿರಲಿಲ್ಲ.

ಹಣ್ಣು ಬಂದ ದಾರಿ

ಅನಾನಸಿನ ತವರು ದಕ್ಷಿಣ ಅಮೆರಿಕ. ಅಲ್ಲಿಯ ಮೂಲನಿವಾಸಿಗಳು ಅದನ್ನು ಬಹು ಹಿಂದೆಯೇ ಪಳಗಿಸಿ, ಕೆರಿಬಿಯನ್ ದ್ವೀಪಗಳವರೆಗೂ ಹರಡಿದ್ದರು. 1493ರ ನವೆಂಬರಿನಲ್ಲಿ ಕೊಲಂಬಸನು ತನ್ನ ಎರಡನೆಯ ಯಾನದಲ್ಲಿ ಗ್ವಾಡಲೂಪ್ ದ್ವೀಪಕ್ಕೆ ಬಂದಾಗ ಐರೋಪ್ಯರು ಈ ಹಣ್ಣನ್ನು ಕಂಡರು. ತುಪಿ ಭಾಷಿಕರ ಶಬ್ದವನ್ನು ಪೋರ್ಚುಗೀಸರು ‘ಅನಾನಸ್’ ಎಂದು ಎತ್ತಿಕೊಂಡರು. 1510ರಲ್ಲಿ ಗೋವೆಯನ್ನು ಹಿಡಿದ ಅವರು ಆ ಶತಮಾನದಲ್ಲಿಯೇ ಗಿಡವನ್ನು ಭಾರತಕ್ಕೆ ತಂದರು.

ಶತಮಾನ ಮುಗಿಯುವಷ್ಟರಲ್ಲಿ ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಇದನ್ನು ದಾಖಲಿಸಿದ್ದಾನೆ. ಅಲ್ಲಿ ಇದಕ್ಕೆ ‘ಕಠಲ್-ಇ-ಸಫರಿ’, ಅಂದರೆ ಪಯಣದ ಹಲಸು ಎಂಬ ಇನ್ನೊಂದು ಹೆಸರೂ ಉಂಟು. ಎಳೆಯ ಗಿಡವನ್ನು ಪಾತ್ರೆಯಲ್ಲಿಟ್ಟು ಒಯ್ದರೆ ಪಯಣದಲ್ಲಿಯೂ ಹಣ್ಣು ಬಿಡುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಜಹಾಂಗೀರನು ತನ್ನ ಆತ್ಮಕಥನದಲ್ಲಿ, ಇದು ಫರಂಗಿಗಳ ರೇವುಗಳಿಂದ ಬಂದ ಹಣ್ಣು ಎಂದೂ ಆಗ್ರಾದ ಗುಲ್-ಅಫ್ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಹಣ್ಣು ಬರುತ್ತವೆ ಎಂದೂ ಬರೆದಿದ್ದಾನೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಇದರ ಚಿತ್ರವನ್ನು ಕೊಡುತ್ತದೆ.

ಹೆಸರುಗಳೇ ಚರಿತ್ರೆಯನ್ನು ಹೇಳುತ್ತವೆ. ಕನ್ನಡದಲ್ಲಿ ಅನಾನಸು, ಮರಾಠಿಯಲ್ಲಿ ಅನನಸ, ತಮಿಳಿನಲ್ಲಿ ಅನ್ನಾಸಿ, ಎಲ್ಲವೂ ಆ ಒಂದೇ ಪರದೇಶೀ ಶಬ್ದದಿಂದ ಹುಟ್ಟಿದವು. ಶಬ್ದವನ್ನು ಎರವಲು ಪಡೆಯದವರು ಹೋಲಿಕೆಯಿಂದ ಹೆಸರಿಟ್ಟರು. ಕನ್ನಡದ ‘ಪರಂಗಿ ಹಲಸು’ ಅಂಥ ಹೆಸರು. ಮಲಯಾಳದ ‘ಕೈದಚಕ್ಕ’ ಎಂದರೆ ಕೇದಗೆಯಂಥ ಎಲೆಯ ಹಲಸು. ‘ಬಹುನೇತ್ರ’ ಎಂಬ ಸಂಸ್ಕೃತ ನಾಮ ಸುಂದರವಾದುದೇ, ಆದರೆ ಬಹು ಈಚಿನದು. ಸಂಸ್ಕೃತದ ಹೆಸರಿದ್ದ ಮಾತ್ರಕ್ಕೆ ವಸ್ತು ಪ್ರಾಚೀನವೆಂದು ತಿಳಿಯಲಾಗದು. ಸೀತಾಫಲವೂ ಅಮೆರಿಕದಿಂದ ಬಂದದ್ದೇ. ರಾಮಾಯಣದ ನಂಟು ಅದಕ್ಕೆ ಹೆಸರಿನಲ್ಲಿ ಮಾತ್ರ.

ಶಿಲ್ಪದ ಸಾಕ್ಷ್ಯ

ಶಿಲ್ಪಗಳ ವಾದವನ್ನು ಹಾಸ್ಯಮಾಡಿ ತಳ್ಳಿಹಾಕುವಂತಿಲ್ಲ, ವಿದ್ವಾಂಸರೂ ಅದನ್ನು ಹೂಡಿದ್ದಾರೆ. 1989ರಲ್ಲಿ ಜೋಹಾನಸೆನ್ ಮತ್ತು ಪಾರ್ಕರ್ ಎಂಬ ಸಂಶೋಧಕರು ಸೋಮನಾಥಪುರವೇ ಮೊದಲಾದ ಹೊಯ್ಸಳ ದೇವಾಲಯಗಳ ವಿಗ್ರಹಗಳ ಕೈಯಲ್ಲಿ ಮೆಕ್ಕೆಜೋಳದ ತೆನೆಯಿದೆಯೆಂದು ಬರೆದರು. 1993ರಲ್ಲಿ ಭಾರತೀಯ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಅದನ್ನು ಅಲ್ಲಗಳೆದು, ಅದು ಮುತ್ತುಗಳಿಂದ ಕೂಡಿದ ಕಾಲ್ಪನಿಕ ಮುಕ್ತಾಫಲವೆಂದು ಪ್ರತಿಪಾದಿಸಿದರು. ಮಧ್ಯಪ್ರದೇಶದ ಉದಯಗಿರಿ ಗುಹೆಗಳಲ್ಲಿ ಅನಾನಸಿನ ರೂಪವಿದೆಯೆಂಬ ಹೇಳಿಕೆಯೂ ಇದೇ ಬಗೆಯ ಚರ್ಚೆಗೆ ಸೇರಿದ್ದು.

ಜೈನ ಮೂರ್ತಿಶಿಲ್ಪವನ್ನು ಬಲ್ಲವರು ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಯಕ್ಷಯಕ್ಷಿಯರ ಕೈಯಲ್ಲಿ ಫಲವಿರುವುದು ಸಾಮಾನ್ಯ ಲಕ್ಷಣ. ಅಂಬಿಕೆಯ ಕೈಯಲ್ಲಿ ಮಾವಿನ ಗೊಂಚಲು, ಅನೇಕ ಯಕ್ಷರ ಕೈಯಲ್ಲಿ ಬೀಜಪೂರ, ಅಂದರೆ ಮಾದಳದ ಹಣ್ಣು ಇರುತ್ತದೆ. ಮಾದಳದ ಮೈ ಗಂಟುಗಂಟಾದುದು. ಕಲ್ಲು ಸವೆದಾಗ ಅದು, ಕಮಲದ ಮೊಗ್ಗು, ಕೇದಗೆಯ ಕಾಯಿ ಇವೆಲ್ಲ ಇಂದಿನ ಕಣ್ಣಿಗೆ ಅನಾನಸಿನಂತೆ ಕಾಣಬಹುದು. ಕಂಡದ್ದನ್ನು ನಿರ್ಧರಿಸಬೇಕಾದುದು ಪ್ರತಿಮಾಲಕ್ಷಣದ ಗ್ರಂಥ, ಭಾಷೆ ಮತ್ತು ಸಸ್ಯದ ಚರಿತ್ರೆ. ಈ ಮೂರೂ ಅನಾನಸಿನ ಪರವಾಗಿ ಸಾಕ್ಷಿ ನುಡಿಯುವುದಿಲ್ಲ.

ಸಸ್ಯಸ್ವರೂಪ

ಅನಾನಸಿನ ಶಾಸ್ತ್ರೀಯ ನಾಮ ‘ಅನಾನಾಸ್ ಕೊಮೋಸಸ್’, ಕುಟುಂಬ ಬ್ರೊಮೀಲಿಯೇಸಿ. ಸುಮಾರು ಮೊಳಕಾಲಿನಿಂದ ಸೊಂಟದೆತ್ತರ ಬೆಳೆಯುವ ಗಿಡ, ಮೋಟು ಕಾಂಡ, ಸುತ್ತಲೂ ಕತ್ತಿಯಂಥ ಎಲೆಗಳು. ನಡುವಿನಿಂದ ಮೇಲೇಳುವ ದಂಟಿನಲ್ಲಿ ನೂರರಿಂದ ಇನ್ನೂರು ನೇರಳೆ ಬಣ್ಣದ ಹೂಗಳು ಸುರುಳಿಯಾಗಿ ಅರಳುತ್ತವೆ. ಪ್ರತಿಯೊಂದು ಹೂವಿನ ಅಂಡಾಶಯವೂ ಅದರ ಬುಡದ ಪುಷ್ಪಪತ್ರವೂ ನಡುದಂಟೂ ಕೂಡಿ ಉಬ್ಬಿ ಒಂದೇ ಹಣ್ಣಾಗುತ್ತವೆ. ನಾವು ಕಣ್ಣು ಎನ್ನುವುದು ಒಂದೊಂದು ಹೂವಿನ ಗುರುತು. ಕಣ್ಣುಗಳ ಸಾಲನ್ನು ಓರೆಯಾಗಿ ಎಣಿಸಿದರೆ ಸಾಮಾನ್ಯವಾಗಿ 8, 13, 21 ಎಂಬ ಸಂಖ್ಯೆಗಳು ದೊರೆಯುತ್ತವೆ.

ಹಲಸಿನಲ್ಲಿಯೂ ಒಂದೊಂದು ತೊಳೆ ಒಂದೊಂದು ಹೂವಿನದು. ಸಸ್ಯಶಾಸ್ತ್ರ ಎರಡನ್ನೂ ಸಂಯುಕ್ತಫಲಗಳೆಂದೇ ಗಣಿಸುತ್ತದೆ. ಆದ್ದರಿಂದ ‘ಪರಂಗಿ ಹಲಸು’ ಎಂದ ಹಳ್ಳಿಗರ ಹೋಲಿಕೆ ತೋರಿಕೆಯದಷ್ಟೇ ಅಲ್ಲ, ರಚನೆಯಲ್ಲಿಯೂ ಸರಿಯಾದುದು.

ಇಲ್ಲಿ ಶ್ರಾವಕರಲ್ಲಿ ಒಂದು ಶಂಕೆ ಏಳುವುದು ಸಹಜ. ಆಲ, ಅರಳಿ, ಅತ್ತಿ ಮೊದಲಾದ ಪಂಚೋದುಂಬರಗಳೂ ಹಲವು ಹೂಗಳು ಕೂಡಿದ ಹಣ್ಣುಗಳೇ, ಅವು ತ್ರಸಜೀವಿಗಳ ಆಶ್ರಯವೆಂದು ನಿಷಿದ್ಧವಾಗಿವೆ. ಅನಾನಸು ಅದೇ ಜಾತಿಯದೇ? ಸಸ್ಯಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಅತ್ತಿಯ ಹೂಗಳು ಕಾಯಿಯ ಒಳಗೇ ಅರಳುತ್ತವೆ, ಸಣ್ಣ ಕಣಜಗಳು ಒಳಹೊಕ್ಕು ಪರಾಗವನ್ನು ಮುಟ್ಟಿಸುತ್ತವೆ, ಅಲ್ಲಿಯೇ ಮೊಟ್ಟೆಯಿಡುತ್ತವೆ. ಅನಾನಸಿನ ಹೂಗಳು ಹೊರಗೆ ಅರಳುತ್ತವೆ. ಬೆಳೆಗಾರರ ತೋಟದಲ್ಲಿ ಅದು ಪರಾಗಸ್ಪರ್ಶವೇ ಇಲ್ಲದೆ, ಬೀಜವಿಲ್ಲದೆ ಹಣ್ಣಾಗುತ್ತದೆ. ಹೊರಗಣ್ಣುಗಳ ಸಂದಿನಲ್ಲಿ ಸೇರುವ ಹುಳುಗಳನ್ನು ನೋಡಿ ಶೋಧಿಸುವುದು ಅಡುಗೆಮನೆಯ ಎಚ್ಚರಕ್ಕೆ ಸೇರಿದ್ದು. ಗ್ರಾಹ್ಯಾಗ್ರಾಹ್ಯದ ತೀರ್ಮಾನ ಗುರುಗಳದು, ಸಸ್ಯದ ವಾಸ್ತವ ಇಷ್ಟು.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ದ ಜೀವಕಾಂಡವು ಸಸ್ಯಗಳನ್ನು ಅವು ಹುಟ್ಟುವ ಬಗೆಯಿಂದ ವಿಂಗಡಿಸುತ್ತದೆ. ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ವೃತ್ತಿ ಬರೆದನು. ಶುಂಠಿ, ಅರಿಸಿನ ಮೂಲಬೀಜಗಳು. ಕಿತ್ತೂರು ಬೈಲಹೊಂಗಲಗಳ ಹೊಲದಲ್ಲಿ ನಿಂತ ಕಬ್ಬು, ಗಿಣ್ಣಿನಿಂದ ಹುಟ್ಟುವುದರಿಂದ, ಪರ್ವಬೀಜ. ಭತ್ತ, ಗೋಧಿ ಬೀಜರುಹಗಳು. ತುದಿಯಿಂದ ಹುಟ್ಟುವುದು ಅಗ್ರಬೀಜ. ಹಣ್ಣಿನ ನೆತ್ತಿಯ ಜುಟ್ಟನ್ನು ಕತ್ತರಿಸಿ ನೆಟ್ಟರೆ ಅನಾನಸು ಮರುಹುಟ್ಟು ಪಡೆಯುತ್ತದೆ. ಬುಡದ ಕಂದುಗಳಿಂದಲೂ ಬೆಳೆಯುತ್ತದೆ. ಹಣ್ಣನ್ನು ಕಾಣದ ಆಚಾರ್ಯನ ವರ್ಗೀಕರಣದಲ್ಲಿ ಅದಕ್ಕೆ ಸ್ಥಳವಿದೆ. ಪ್ರಾಚೀನರ ಹಿರಿಮೆಯನ್ನು ತೋರಿಸಬೇಕಾದರೆ ತೋರಿಸಬೇಕಾದುದು ಇದನ್ನು. ಅವರು ಎಲ್ಲ ವಸ್ತುಗಳನ್ನೂ ಕಂಡಿದ್ದರೆಂದು ಹೇಳಬೇಕಾಗಿಲ್ಲ, ಕಾಣದ ವಸ್ತುವೂ ಒಳಗಾಗುವಂತೆ ವಿಚಾರಿಸಿದ್ದರು ಎಂದರೆ ಸಾಕು.

ನೆಲದ ಗುಣ

ಹಾಗಾದರೆ ನಮ್ಮ ನಾಲ್ಕು ಸೀಮೆಗಳಲ್ಲಿ ಅನಾನಸಿನ ತೋಟಗಳು ಏಕೆ ಹಬ್ಬಲಿಲ್ಲ? ಈ ಗಿಡ ನೀರನ್ನು ಜೋಪಾನಮಾಡುವುದರಲ್ಲಿ ನಿಪುಣ. ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲರೂಪದಲ್ಲಿ ಕೂಡಿಡುತ್ತದೆ. ಕಳ್ಳಿಯ ಜಾತಿಗಳೂ ಹೀಗೆಯೇ ಮಾಡುತ್ತವೆ. ಇಷ್ಟಾದರೂ ಬೇರು ಮಾತ್ರ ಬಲು ಸೂಕ್ಷ್ಮ. ಆಮ್ಲಗುಣದ, ನೀರು ನಿಲ್ಲದ ಮಣ್ಣು ಅದಕ್ಕೆ ಬೇಕು. ಬೈಲಹೊಂಗಲ ಸವದತ್ತಿಗಳ ಎರೆಭೂಮಿ ಹತ್ತಿಗೆ, ಜೋಳಕ್ಕೆ, ಕಡಲೆಗೆ ತಾಯಿ. ಅದರಲ್ಲಿ ಸುಣ್ಣದಂಶ ಹೆಚ್ಚು, ಮಳೆಗಾಲದಲ್ಲಿ ತೇವ ಇಂಗದೆ ನಿಲ್ಲುತ್ತದೆ. ಅಂಥಲ್ಲಿ ಬೇರು ಕೊಳೆಯುತ್ತದೆ, ಕಬ್ಬಿಣದಂಶ ದಕ್ಕದೆ ಎಲೆ ಹಳದಿಯಾಗುತ್ತದೆ. ಮಲಪ್ರಭೆ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿದಂತೆ ಮಳೆ ಕುಗ್ಗುತ್ತದೆ. ಕಿತ್ತೂರು ಮಲೆನಾಡಿನ ಸೆರಗು, ರಾಮದುರ್ಗ ಒಣನಾಡು.

ಹಣ್ಣಿಗೆ ಒಗ್ಗಿದ ನೆಲ ನಮಗೆ ತೆಂಕಣ ಪಡುವಣ ದಿಕ್ಕಿನಲ್ಲಿದೆ. ಶಿರಸಿ ತಾಲ್ಲೂಕಿನ ಬನವಾಸಿ ಇಂದು ಅನಾನಸಿನ ಬೆಳೆಗೆ ಹೆಸರಾಗಿದೆ. 941ರ ಸುಮಾರಿಗೆ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದ ಆದಿಕವಿ ಪಂಪನು ಹಂಬಲಿಸಿ ನೆನೆದ ಬನವಾಸಿಯದು. ಅವನು ಕಂಡ ಬನವಾಸಿ ಮಾವು ಮಲ್ಲಿಗೆಗಳದು. ಒಂದು ನಾಡಿನ ತೋಟ ಸಾವಿರ ವರ್ಷದಲ್ಲಿ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಔಷಧೀಯ ಮೌಲ್ಯ

ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 86 ಗ್ರಾಂ ನೀರು, 48 ಮಿಲಿಗ್ರಾಂ ಸಿ ಜೀವಸತ್ವ ಇರುತ್ತವೆ, ಮ್ಯಾಂಗನೀಸ್ ಎಂಬ ಖನಿಜವೂ ಚೆನ್ನಾಗಿದೆ. ಆಹಾರವಾಗಿ ಇದು ಒಳ್ಳೆಯ ಹಣ್ಣು. ಔಷಧವಾಗಿ ಇದರ ಪ್ರಸಿದ್ಧಿಗೆ ಕಾರಣವಾದುದು ‘ಬ್ರೊಮೆಲೇನ್’ ಎಂಬ ಕಿಣ್ವ. 1891ರಲ್ಲಿ ವೆನೆಜುವೆಲಾದ ವಿಸೆಂಟೆ ಮಾರ್ಕಾನೊ ಇದನ್ನು ಹಣ್ಣಿನ ರಸದಿಂದ ಬೇರ್ಪಡಿಸಿದನು. ಇದು ಪ್ರೋಟೀನನ್ನು ಒಡೆಯುತ್ತದೆ. ಹಸಿ ಅನಾನಸನ್ನು ತಿಂದಾಗ ನಾಲಗೆ ಚುರುಗುಟ್ಟುವುದಕ್ಕೆ ಇದೂ ಒಂದು ಕಾರಣ. ಹಸಿ ಹೋಳುಗಳನ್ನು ಹಾಲಿಗೋ ಮೊಸರಿಗೋ ಹಾಕಿಟ್ಟರೆ ಕಹಿಯಾಗುವುದೂ ಇದರಿಂದಲೇ. ಬೇಯಿಸಿದರೆ ಕಿಣ್ವ ನಾಶವಾಗುತ್ತದೆ, ಆದ್ದರಿಂದ ಗೊಜ್ಜಿಗೂ ಶಿರಾಕ್ಕೂ ಆ ತೊಂದರೆಯಿಲ್ಲ. ಅದೇ ಕಾರಣದಿಂದ ಶಿರಾ ತಿಂದು ಬ್ರೊಮೆಲೇನಿನ ಫಲವನ್ನು ಬಯಸುವುದೂ ವ್ಯರ್ಥ.

ಔಷಧೋದ್ಯಮ ಈ ಕಿಣ್ವವನ್ನು ಮುಖ್ಯವಾಗಿ ಗಿಡದ ಕಾಂಡದಿಂದ ತೆಗೆಯುತ್ತದೆ. ಸುಟ್ಟ ಗಾಯದ ಸತ್ತ ಚರ್ಮವನ್ನು ಶಸ್ತ್ರವಿಲ್ಲದೆ ಕರಗಿಸಿ ತೆಗೆಯಲು ಇದರಿಂದ ಮಾಡಿದ ಲೇಪಕ್ಕೆ 2012ರಲ್ಲಿ ಯುರೋಪಿನಲ್ಲಿಯೂ 2022ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆತಿದೆ. ಇದು ಪರೀಕ್ಷೆಯಲ್ಲಿ ಗೆದ್ದ ಉಪಯೋಗ. ಬಾವು ನೋವುಗಳಿಗೆ ಮಾತ್ರೆಯಾಗಿ ಕೊಡುವುದೂ ಉಂಟು, ಆದರೆ ಸಂಧಿವಾತವೇ ಮೊದಲಾದವುಗಳಲ್ಲಿ ಅದರ ಗುಣ ಇನ್ನೂ ದೃಢವಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಈ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ಕಾಯಿಯ ರಸವನ್ನು ಭೇದಿಗೂ ಗರ್ಭಪಾತಕ್ಕೂ ಬಳಸುವ ನಾಟಿ ರೂಢಿ ಹಲವು ನಾಡುಗಳಲ್ಲಿ ಇತ್ತು. ಅದು ಅಪಾಯದ ದಾರಿ.

ಜೈನ ಓದುಗರು ಗಮನಿಸಬೇಕಾದ ಸಂಗತಿ ಒಂದಿದೆ. ಪ್ರೋಟೀನನ್ನು ಒಡೆಯುವ ಔಷಧಕಿಣ್ವಗಳಲ್ಲಿ ಹಲವು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಬಂದವು. ಬ್ರೊಮೆಲೇನ್ ಮತ್ತು ಪರಂಗಿ ಹಣ್ಣಿನ ಪಪೇನ್ ಸಸ್ಯಜನ್ಯವಾದವು. ಮಾಂಸವಿಲ್ಲದೆ ಚಿಕಿತ್ಸೆ ಸಾಧ್ಯವೆಂದು ಉಗ್ರಾದಿತ್ಯನು ವಾದಿಸಿದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಪೇಟೆಯ ಬಾವಿನ ಮಾತ್ರೆಗಳಲ್ಲಿ ಬ್ರೊಮೆಲೇನಿನ ಜೊತೆಗೆ ಟ್ರಿಪ್ಸಿನ್ ಬೆರೆತಿರುವುದುಂಟು, ಅದು ಬಹುಮಟ್ಟಿಗೆ ಪ್ರಾಣಿಜನ್ಯ. ಅನಾನಸಿನ ಹೆಸರನ್ನು ನೋಡಿ ನಂಬುವ ಮೊದಲು ಪೊಟ್ಟಣವನ್ನು ಪೂರ್ತಿ ಓದಬೇಕು.

ಉಪಸಂಹಾರ

13ನೆಯ ಶತಮಾನದ ಪಂಡಿತ ಆಶಾಧರನ ‘ಸಾಗಾರಧರ್ಮಾಮೃತ’ವು ಶ್ರಾವಕನು ಅಜ್ಞಾತಫಲವನ್ನು ತಿನ್ನಬಾರದೆಂದು ವಿಧಿಸುತ್ತದೆ. ನೋಡಲು ಚೆಲುವಾಗಿದ್ದು ತಿಂದವರನ್ನು ಕೊಲ್ಲುವ ಕಿಂಪಾಕಫಲದ ಉಪಮೆ ನಮ್ಮ ಕಾವ್ಯಶಾಸ್ತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ವಿಧಿ ಹೊಸದನ್ನು ದೂರವಿಡು ಎನ್ನುವುದಿಲ್ಲ, ತಿಳಿದು ತಿನ್ನು ಎನ್ನುತ್ತದೆ. ಐದು ಶತಮಾನಗಳ ಹಿಂದೆ ಅನಾನಸು ನಮಗೆ ನಿಜವಾಗಿಯೂ ಅಜ್ಞಾತಫಲವಾಗಿತ್ತು. ಇಂದು ಅದರ ತವರು, ಅದರ ಹೂ, ಅದರ ಕಿಣ್ವ, ಅದರ ಅಪಾಯ ಎಲ್ಲವೂ ತಿಳಿದಿವೆ. ಇಷ್ಟನ್ನು ಬಿಟ್ಟು ಅದಕ್ಕೆ ಇಲ್ಲದ ಪ್ರಾಚೀನತೆಯನ್ನೂ ಇಲ್ಲದ ಮಹಿಮೆಯನ್ನೂ ಹೊರಿಸಿದರೆ, ತಿಳಿದ ಹಣ್ಣನ್ನು ಮತ್ತೆ ಅಜ್ಞಾತಫಲವಾಗಿಸಿದಂತೆ. ಸುಗಂಧವರ್ತಿಯ ಪೂರ್ವಿಕರು ಅದನ್ನು ಸವಿಯಲಿಲ್ಲವೆಂದು ಒಪ್ಪಿಕೊಂಡರೆ ಅವರ ಗೌರವಕ್ಕೆ ಕುಂದಿಲ್ಲ, ಹಣ್ಣಿನ ಸವಿಗೂ ಕುಂದಿಲ್ಲ.