ಭಾಷೆಯ ಪಟ್ಟಿಯಲ್ಲಿ ಕನ್ನಡ ಎಲ್ಲಿದೆ?

ಕೊಳ್ಳೇಗಾಲದಿಂದ ಭರಚುಕ್ಕಿ ನೋಡೋಕೆ ಹೋದವರಿಗೆಲ್ಲ ಸತ್ತೇಗಾಲ ಗೊತ್ತು. ಜಲಪಾತದ ಅವಸರದಲ್ಲಿ ನಾವು ಆ ಊರನ್ನ ಹಾಗೇ ದಾಟಿಬಿಡ್ತೀವಿ. ಇವತ್ತು ಅಲ್ಲೇ ಸ್ವಲ್ಪ ನಿಲ್ಲೋಣ. ವಿಷಯ ಏನು ಗೊತ್ತಾ? ಜಪಾನಿನ ಅನಿಮೆ. ನಗಬೇಡಿ ವೀಕ್ಷಕರೇ. ಸತ್ತೇಗಾಲಕ್ಕೂ ಜಪಾನಿನ ಕಾರ್ಟೂನಿಗೂ ಏನು ಸಂಬಂಧ ಅಂತ ಕೇಳ್ತೀರಿ. ಸಂಬಂಧ ಇದೆ. ನಿಮ್ಮ ಮನೆ ಮಗುವಿನ ಕೈಯಲ್ಲಿರೋ ಮೊಬೈಲ್‌ನಲ್ಲೇ ಇದೆ.

ಮೊದಲು ಒಂದಿಷ್ಟು ಇತಿಹಾಸ. 1902ರಲ್ಲಿ ಈ ಊರಿನ ಪಕ್ಕದಲ್ಲೇ, ಶಿವನಸಮುದ್ರದಲ್ಲಿ, ಕಾವೇರಿ ನೀರಿನಿಂದ ಕರೆಂಟು ತಯಾರಾಯಿತು. ಆ ಕರೆಂಟು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. ಆಗ ನದಿಯ ಆಚೆ ದಂಡೆ ಮೈಸೂರು ಸಂಸ್ಥಾನ. ಈಚೆ ಕಡೆಯ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಹೌದು, 1956ರ ನವೆಂಬರ್ 1ರವರೆಗೂ ಸತ್ತೇಗಾಲದವರು ಆಡಿದ್ದು ಕನ್ನಡ, ಅವರ ತಾಲ್ಲೂಕು ಇದ್ದದ್ದು ಮದ್ರಾಸಿನಲ್ಲಿ. ಯಾವ ಭಾಷೆಯವರ ಕೈಯಲ್ಲಿ ನಮ್ಮ ಕಾಗದಪತ್ರ ಇರಬೇಕು ಅನ್ನೋದನ್ನ ದೂರದಲ್ಲಿ ಕೂತವರು ತೀರ್ಮಾನ ಮಾಡ್ತಿದ್ದ ಸೀಮೆ ಇದು.

ಇದೇ ಸೀಮೆಗೆ ಇನ್ನೊಂದು ಇತಿಹಾಸನೂ ಇದೆ. ಅದು ಕಥೆ ಕೇಳೋ ಇತಿಹಾಸ. ಮಲೆ ಮಹದೇಶ್ವರನ ಕಾವ್ಯವನ್ನ ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡ್ತಾರೆ. ಒಂದು ರಾತ್ರಿಗೆ ಮುಗಿಯೋ ಕಥೆ ಅಲ್ಲ ಅದು. ಅದಕ್ಕೇ ಅದನ್ನ ‘ಸಾಲು’ಗಳಾಗಿ ಭಾಗ ಮಾಡಿದ್ದಾರೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು... ಹುಲಿಯ ಮೇಲೆ ಸವಾರಿ ಮಾಡೋ ನಾಯಕ, ಸಾಲಿನಿಂದ ಸಾಲಿಗೆ ಹೊಸ ಎದುರಾಳಿ, ಹೊಸ ಪರೀಕ್ಷೆ. ಈಗ ಹತ್ತನೇ ಕ್ಲಾಸಿನ ಯಾವುದಾದರೂ ಹುಡುಗನ್ನ ಕೇಳಿ ನೋಡಿ. ‘ಒನ್ ಪೀಸ್’ ಅನ್ನೋ ಅನಿಮೆಯನ್ನ ‘ಆರ್ಕ್’ ಅನ್ನೋ ಭಾಗಗಳಾಗಿ ವಿವರಿಸ್ತಾನೆ. 1999ರಲ್ಲಿ ಶುರುವಾದ ಆ ಸರಣಿ 2021ರಲ್ಲೇ ಸಾವಿರ ಎಪಿಸೋಡ್ ಮುಟ್ಟಿದೆ. ಆರ್ಕ್ ಅಂದ್ರೆ ಬೇರೇನಲ್ಲ, ನಮ್ಮ ಸಾಲೇ. ಉದ್ದನೆಯ ಕಥೆಯನ್ನ ತುಂಡುತುಂಡಾಗಿ, ತಿಂಗಳುಗಟ್ಟಲೆ ಕೇಳೋ ಅಭ್ಯಾಸ ಈ ಊರಿಗೆ ಜಪಾನಿನಿಂದ ಬರಬೇಕಿರಲಿಲ್ಲ.

ಹಾಗಾದರೆ ಹೊರಗಿಂದ ಬಂದಿದ್ದೇನು? ಕಥೆಯ ಭಾಷೆ. ಅಸಲಿ ವಿಷಯ ಇರೋದೇ ಇಲ್ಲಿ.

ಜಪಾನಿನಲ್ಲಿ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಟಿವಿಯಲ್ಲಿ ಶುರುವಾಗಿದ್ದು 1963ರ ಜನವರಿ 1ಕ್ಕೆ. ಅದೇ ಅರವತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೇರೊಂದು ಹೋರಾಟ ನಡೀತಿತ್ತು, ಡಬ್ಬಿಂಗ್ ವಿರೋಧಿ ಚಳವಳಿ. ಪರಭಾಷೆಯ ಸಿನಿಮಾಗಳು ಕನ್ನಡದ ಧ್ವನಿ ಅಂಟಿಸಿಕೊಂಡು ಬರ್ತಿದ್ದವು, ಕನ್ನಡದ ಸ್ವಂತ ಸಿನಿಮಾ ಮಾಡೋರಿಗೆ ಕೆಲಸ ಇರಲಿಲ್ಲ. ಅ.ನ.ಕೃ., ಮ. ರಾಮಮೂರ್ತಿ, ಡಾ. ರಾಜ್‌ಕುಮಾರ್ ಮುಂದೆ ನಿಂತರು. ಡಬ್ಬಿಂಗ್ ನಿಂತಿತು. ಕಾನೂನಿನಿಂದ ನಿಂತಿದ್ದಲ್ಲ, ಉದ್ಯಮದವರು ತಮ್ಮೊಳಗೇ ಹಾಕಿಕೊಂಡ ಕಟ್ಟಿನಿಂದ. ಅದರ ಫಲವನ್ನ ನಾವೆಲ್ಲ ಉಂಡಿದ್ದೀವಿ. ಆ ಗೋಡೆ ಇಲ್ಲದಿದ್ದರೆ ಎಪ್ಪತ್ತರ ದಶಕದ ಕನ್ನಡ ಸಿನಿಮಾ ಹೇಗಿರ್ತಿತ್ತೋ ಏನೋ. ಇನ್ನೊಂದು ಮಾತು ನೆನಪಿರಲಿ. ರಾಜ್‌ಕುಮಾರ್ ಅವರ ಮನೆತನದ ಊರು ಸಿಂಗಾನಲ್ಲೂರು ಇದೇ ಕೊಳ್ಳೇಗಾಲ ಸೀಮೆಯದ್ದು.

ಗೋಡೆ ಕಟ್ಟಿದ್ದು ಚಿತ್ರಮಂದಿರದ ಬಾಗಿಲಿಗೆ. ಆದರೆ ಮಕ್ಕಳ ಕಥೆ ಮನೆಯ ಕಿಟಕಿಯಿಂದ ಒಳಗೆ ಬಂತು.

ನನ್ನ ವಯಸ್ಸಿನವರಿಗೆ ನೆನಪಿರುತ್ತೆ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ‘ಜಂಗಲ್ ಬುಕ್’ ಬರ್ತಿತ್ತು. ಅದು ಅನಿಮೆ ಅಂತ ಆಗ ಯಾರಿಗೆ ಗೊತ್ತಿತ್ತು? ಕಿಪ್ಲಿಂಗ್ ಇಂಗ್ಲಿಷಿನಲ್ಲಿ ಬರೆದ ಕಥೆ, ಚಿತ್ರ ಮಾಡಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್, ನಮಗೆ ತಲುಪಿದ್ದು ಹಿಂದಿಯಲ್ಲಿ. ಹಾಡು ಗುಲ್ಜಾರ್ ಅವರದ್ದು, ಶೇರ್‌ಖಾನ್ ಧ್ವನಿ ನಾನಾ ಪಾಟೇಕರ್ ಅವರದ್ದು. ಹುಲಿಯನ್ನ ಮಾದಪ್ಪನ ವಾಹನ ಅಂತ ನೋಡೋ ಸೀಮೆಯ ಮಕ್ಕಳು ಹುಲಿ ಹಿಂದಿಯಲ್ಲಿ ಗುಡುಗೋದನ್ನ ಬಾಯಿಬಿಟ್ಟು ನೋಡಿದ್ರು. ಆಗ ಆಯ್ಕೆ ಅನ್ನೋದೇ ಇರಲಿಲ್ಲ. ಇದ್ದದ್ದು ಒಂದೇ ಚಾನೆಲ್, ವಾರಕ್ಕೊಂದು ದಿನ.

ಆಮೇಲೆ ಕೇಬಲ್ ಬಂತು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪೋಕೆಮಾನ್, ಡ್ರ್ಯಾಗನ್ ಬಾಲ್ ಝೀ. ಹಂಗಾಮ ಟಿವಿಯಲ್ಲಿ ಡೋರೆಮಾನ್, 2006ರಿಂದ ಶಿನ್‌ಚಾನ್. ಮಕ್ಕಳಿಗೆ ಹೊಸ ಸರಣಿ ಪರಿಚಯ ಆಗ್ತಿದ್ದದ್ದು ರಿಮೋಟ್‌ನಿಂದ, ಚಿಪ್ಸ್ ಪ್ಯಾಕೆಟ್ಟಿನ ಟ್ಯಾಜೋದಿಂದ, ಶಾಲೆಯಲ್ಲಿ ಪಕ್ಕ ಕೂತ ಗೆಳೆಯನ ಬೇಬ್ಲೇಡ್‌ನಿಂದ. ಧ್ವನಿ ಮಾತ್ರ ಹಿಂದಿ. ಇಲ್ಲಾಂದ್ರೆ ತಮಿಳು, ತೆಲುಗು. ಹನೂರು ಕಡೆ, ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮನೆಮಾತಾಗಿರೋ ಕುಟುಂಬಗಳಿವೆ. ಅಲ್ಲಿನ ಮಗುವಿಗೆ ತನ್ನ ಭಾಷೆಯಲ್ಲಿ ಕಾರ್ಟೂನು ಸಿಕ್ಕಿತು. ಕನ್ನಡ ಮನೆಮಾತಿನ ಮಗುವಿಗೆ ಸಿಗಲಿಲ್ಲ. ತಮಿಳು ಮಗುವಿಗೆ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ. ಕನ್ನಡದ ಮಗುವಿಗೆ ಯಾಕೆ ಸಿಗಲಿಲ್ಲ ಅನ್ನೋದಷ್ಟೇ ನನ್ನ ಪ್ರಶ್ನೆ.

2009ರಲ್ಲಿ ಚಿಂಟು ಟಿವಿ ಬಂತು. ಮಕ್ಕಳ ಕಾರ್ಟೂನು ಕನ್ನಡದಲ್ಲಿ ಮಾತಾಡಿತು. ಸಿನಿಮಾ ಡಬ್ಬಿಂಗ್‌ಗೆ ಇದ್ದ ಕಟ್ಟು ಇನ್ನೂ ಸಡಿಲ ಆಗಿರದ ಕಾಲದಲ್ಲೇ ಇದು ನಡೆದದ್ದು ವಿಶೇಷ. ಅಂದ್ರೆ ಮಕ್ಕಳಿಗೆ ಕನ್ನಡದ ಧ್ವನಿ ಕೊಟ್ಟರೆ ಕನ್ನಡಕ್ಕೆ ನಷ್ಟ ಇಲ್ಲ ಅನ್ನೋದು ಆಗಲೇ ಗೊತ್ತಾಗಿತ್ತು. ದೊಡ್ಡವರ ಜಗಳ ಮಾತ್ರ ಮುಂದುವರೀತು. 2012ರಲ್ಲಿ ಅಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ಕನ್ನಡಕ್ಕೆ ಡಬ್ ಆಗಿ ಬರೋದು ತಪ್ಪಿತು. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮೆಟ್ಟಿಲು ಹತ್ತಿತು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯೋದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಅಂತ ಹೇಳಿ ದಂಡ ಹಾಕಿತು. ಸುಮಾರು ಅರ್ಧ ಶತಮಾನದ ಗೋಡೆಗೆ ಬಾಗಿಲು ಬಿತ್ತು.

ಅಷ್ಟರಲ್ಲಿ ಮಕ್ಕಳು ಎಲ್ಲಿದ್ದರು? ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಹಾರ್ಡ್‌ಡಿಸ್ಕ್ ರೂಮಿನಿಂದ ರೂಮಿಗೆ ಓಡಾಡ್ತಿತ್ತು. ‘ಡೆತ್ ನೋಟ್’, ‘ನರುಟೊ’ ನೋಡಿದವರ ಕಿವಿಗೆ ಜಪಾನಿ, ಕಣ್ಣಿಗೆ ಇಂಗ್ಲಿಷ್ ಸಬ್‌ಟೈಟಲ್. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯಿತು. 2020ರಲ್ಲಿ ಕೊರೊನಾ ಬಂತು, ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪನ ಫೋನು ಮಗುವಿನ ಕೈಗೆ ಬಂತು. ಕ್ಲಾಸು ಮುಗೀತು, ಫೋನು ವಾಪಸ್ ಹೋಗಲಿಲ್ಲ.

ಈಗ ಮಗು ಅನಿಮೆ ಹುಡುಕೋದೇ ಇಲ್ಲ, ಅನಿಮೆಯೇ ಮಗುವನ್ನ ಹುಡುಕಿಕೊಂಡು ಬರುತ್ತೆ. ಮೂವತ್ತು ಸೆಕೆಂಡಿನ ಒಂದು ರೀಲ್. ಕತ್ತಿ ಬೀಸೋ ಒಬ್ಬ ಹುಡುಗ, ಹಿಂದೆ ಜೋರು ಮ್ಯೂಸಿಕ್. ಮಗು ಅದನ್ನ ಎರಡು ಸಲ ನೋಡಿತು ಅಂದ್ರೆ ಸಾಕು, ಸಾಫ್ಟ್‌ವೇರ್ ಅಂಥದ್ದೇ ಇನ್ನೊಂದು ತೋರಿಸುತ್ತೆ. ಆಮೇಲೆ ಕಾಮೆಂಟಿನಲ್ಲಿ ಸರಣಿಯ ಹೆಸರು ಸಿಗುತ್ತೆ. ಯೂಟ್ಯೂಬ್‌ನಲ್ಲಿ ಮ್ಯೂಸ್ ಏಷ್ಯಾದಂಥ ಅಧಿಕೃತ ಚಾನೆಲ್‌ಗಳು ಪುಕ್ಕಟೆ ತೋರಿಸ್ತವೆ, ದುಡ್ಡು ಕೊಟ್ಟರೆ ಕ್ರಂಚಿರೋಲ್, ನೆಟ್‌ಫ್ಲಿಕ್ಸ್. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಅಂತ ನಾವು ಬೈತೀವಲ್ಲ, ಸ್ವಲ್ಪ ಲೆಕ್ಕ ಹಾಕಿ. ನರುಟೊ 220 ಎಪಿಸೋಡ್, ಅದರ ಮುಂದುವರಿಕೆ 500. ಒಟ್ಟು 720. ಇಷ್ಟು ಉದ್ದದ ಕಥೆ ಪೂರ್ತಿ ನೋಡೋ ಮಗುವಿಗೆ ತಾಳ್ಮೆ ಇಲ್ಲ ಅನ್ನೋಕಾಗುತ್ತಾ? ರೀಲ್ ಅನ್ನೋದು ಬಾಗಿಲು ಅಷ್ಟೆ, ಒಳಗಿರೋದು ದೊಡ್ಡ ಮನೆ.

ಆ ಮನೆಯಲ್ಲಿ ಒಂದು ಪಟ್ಟಿ ಇದೆ, ಭಾಷೆಯ ಪಟ್ಟಿ. ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು: ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅದಕ್ಕೂ ಮುಂಚೆ, ಅದೇ ವರ್ಷ ಜನವರಿಯಲ್ಲಿ, ಜಪಾನಿನ ಯುಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಸೇರಿ ತೊಂಬತ್ತರ ದಶಕದ ಆರಂಭದಲ್ಲಿ ಮಾಡಿದ್ದ ರಾಮಾಯಣದ ಅನಿಮೆ ಮತ್ತೆ ತೆರೆಗೆ ಬಂತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ರಾಮನ ಕಥೆ ವೀಕ್ಷಕರೇ! ಮನೆಮನೆಯಲ್ಲಿ ಕನ್ನಡದಲ್ಲಿ ರಾಮಾಯಣ ಹೇಳಿಕೊಂಡು ಬಂದ ನಾಡಿನ ಮಗು ಅದನ್ನ ಬೇರೆ ಭಾಷೆಯಲ್ಲಿ ನೋಡಬೇಕಾಯಿತು.

ಇದರಲ್ಲಿ ತಂತ್ರಜ್ಞಾನದ ಅಡ್ಡಿ ಏನಾದರೂ ಇದೆಯಾ? ಒಬ್ಬ ಇಂಜಿನಿಯರಿಂಗ್ ಪದವೀಧರನಾಗಿ ಹೇಳ್ತೀನಿ, ಇಲ್ಲ. ಆ್ಯಪ್‌ನಲ್ಲಿ ಚಿತ್ರ ಒಂದೇ, ಧ್ವನಿ ಬೇರೆ ಬೇರೆ ಫೈಲು. ಚಿತ್ರಕ್ಕೆ ಹೋಲಿಸಿದರೆ ಧ್ವನಿಯ ಫೈಲು ತುಂಬಾ ಚಿಕ್ಕದು, ಇನ್ನೊಂದು ಸೇರಿಸೋದು ದೊಡ್ಡ ಕೆಲಸ ಅಲ್ಲ. ಖರ್ಚು ಇರೋದು ಅನುವಾದಕ್ಕೆ, ಧ್ವನಿ ಕಲಾವಿದರಿಗೆ, ಸ್ಟುಡಿಯೋಗೆ. ಆ ಖರ್ಚು ಗಿಟ್ಟುತ್ತಾ ಅಂತ ಕಂಪನಿ ನೋಡುತ್ತೆ. ಹೇಗೆ ನೋಡುತ್ತೆ? ಯಾರು ಯಾವ ಭಾಷೆ ಒತ್ತಿದರು ಅಂತ ಎಣಿಸಿ. ಇಲ್ಲೇ ಒಂದು ವಿಷವರ್ತುಲ ಇದೆ. ಕನ್ನಡ ಪಟ್ಟಿಯಲ್ಲಿ ಇಲ್ಲ ಅಂತ ಸತ್ತೇಗಾಲದ ಹುಡುಗ ಹಿಂದಿ ಒತ್ತುತ್ತಾನೆ. ಅವನು ಹಿಂದಿ ಒತ್ತಿದ ಅಂತ ಲೆಕ್ಕದಲ್ಲಿ ಹಿಂದಿ ವೀಕ್ಷಕ ಆಗ್ತಾನೆ. ಕನ್ನಡಕ್ಕೆ ಬೇಡಿಕೆ ಕಾಣೋದೇ ಇಲ್ಲ, ಹಾಗಾಗಿ ಪಟ್ಟಿಗೆ ಕನ್ನಡ ಬರೋದೂ ಇಲ್ಲ. 1956ಕ್ಕೆ ಮುಂಚೆ ಕನ್ನಡ ಆಡೋ ತಾಲ್ಲೂಕು ಕೊಯಮತ್ತೂರಿನ ಲೆಕ್ಕದಲ್ಲಿ ಇತ್ತಲ್ಲ, ಹಾಗೆ.

‘ಬೇರೆ ಭಾಷೆ ಕಲಿತರೆ ಒಳ್ಳೇದೇ ಅಲ್ವಾ ಸರ್?’ ಅಂತ ನೀವು ಕೇಳಬಹುದು. ಖಂಡಿತ ಒಳ್ಳೇದು. ಜಪಾನಿ ಕಲಿಯಲಿ, ತಮಿಳು ಕಲಿಯಲಿ. ಆದರೆ ಐದಾರು ವರ್ಷದ ಮಗು ಸಬ್‌ಟೈಟಲ್ ಓದೋದಿಲ್ಲ. ಅದಕ್ಕೆ ಧ್ವನಿಯೇ ಕಥೆ. ಧೈರ್ಯ, ಮೋಸ, ಗೆಳೆತನ, ಸಾವು ಅನ್ನೋದನ್ನೆಲ್ಲ ಅದು ಮೊದಲ ಸಲ ಯಾವ ಭಾಷೆಯಲ್ಲಿ ಕೇಳುತ್ತೋ ಆ ಮಾತುಗಳು ಒಳಗೆ ಕೂರ್ತವೆ. ದೊಡ್ಡ ಭಾವನೆಗೆಲ್ಲ ಬೇರೆ ಭಾಷೆ, ಊಟ ತಿಂಡಿಗೆ ಮಾತ್ರ ಕನ್ನಡ ಅಂತಾದರೆ ಕಳಕೊಳ್ಳೋದು ಯಾರು?

ಈ ಚಿಂತೆ ನಮ್ಮೊಬ್ಬರದ್ದೇ ಅಲ್ಲ. 2013ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ ಹಿಂದಿ ಡೋರೆಮಾನ್ ಪ್ರಸಾರವನ್ನೇ ನಿಲ್ಲಿಸಿತು. ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಮಾತಾಡ್ತಿದ್ದಾರೆ ಅನ್ನೋದು ಅಲ್ಲಿನ ಆತಂಕ. ಆದರೆ ನಿಷೇಧದಿಂದ ಮಕ್ಕಳ ಆಸೆ ತೀರಲಿಲ್ಲ. ಆಮೇಲೆ ಡೋರೆಮಾನ್ ಬಂಗಾಳಿಯಲ್ಲೇ ಮಾತಾಡಿಕೊಂಡು ಬಂತು. ನಮ್ಮ ಅರವತ್ತರ ದಶಕದ ಪಾಠವೂ, ಅವರ 2013ರ ಪಾಠವೂ ಒಂದೇ. ಗೋಡೆ ಒಂದಷ್ಟು ಕಾಲ ಕಾಪಾಡುತ್ತೆ. ಆ ಕಾಲದಲ್ಲಿ ಒಳಗೆ ನಮ್ಮದನ್ನ ಬೆಳೆಸಬೇಕು. ದೊಡ್ಡವರ ಸಿನಿಮಾವನ್ನ ಬೆಳೆಸಿದೆವು, ಮಕ್ಕಳ ತಟ್ಟೆ ಖಾಲಿ ಬಿಟ್ಟೆವು.

ಕೇಳಿದರೆ ಸಿಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಮಕೋಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯೂ’ 2019ರ ಅಕ್ಟೋಬರ್‌ನಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದದ್ದು ಅಭಿಮಾನಿಗಳ ಮನವಿಯಿಂದ. ಐವತ್ತು ಸಾವಿರಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದ್ದರು. ಜಪಾನಿನವರು ಕಿವಿಗೊಟ್ಟರು. ಕೆಲವು ಮಕ್ಕಳ ಚಾನೆಲ್‌ಗಳು ಈಗ ಕನ್ನಡದ ಧ್ವನಿಯನ್ನೂ ಕೊಡ್ತಿವೆ. ಅದು ಇದ್ದೂ ಎಷ್ಟೋ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್ ಹಿಂದಿಗೇ ಸೆಟ್ ಆಗಿರುತ್ತೆ, ಯಾಕಂದ್ರೆ ಯಾರೂ ಬದಲಾಯಿಸಿರೋದಿಲ್ಲ.

ಅದಕ್ಕೆ ಅಪ್ಪ ಅಮ್ಮಂದಿರಿಗೆ ನನ್ನದೊಂದು ವಿನಂತಿ. ಮಗುವಿನ ಕೈಯಿಂದ ಫೋನು ಕಿತ್ತುಕೊಳ್ಳೋ ಮುಂಚೆ ಪಕ್ಕದಲ್ಲಿ ಕೂತು ಒಂದು ಎಪಿಸೋಡ್ ನೋಡಿ. ಯಾವ ಸರಣಿ, ಯಾವ ವಯಸ್ಸಿನವರಿಗೆ ಮಾಡಿದ್ದು ತಿಳಿದುಕೊಳ್ಳಿ. ಅನಿಮೆ ಎಲ್ಲವೂ ಮಕ್ಕಳದ್ದಲ್ಲ. ಭಾಷೆಯ ಪಟ್ಟಿ ತೆಗೆದು ನೋಡಿ. ಕನ್ನಡ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಆ ಆ್ಯಪ್‌ನವರಿಗೆ ಎರಡು ಸಾಲು ಬರೆದು ಕೇಳಿ. ಇನ್ನು ನಮ್ಮ ಸಿನಿಮಾದವರಿಗೆ ಒಂದು ಮಾತು. ಹುಲಿ ಏರಿ ಬರೋ ಮಾದಪ್ಪನ ಸಾಲುಗಳು ಇನ್ನೂ ಹಾಡೋರ ಬಾಯಲ್ಲಿವೆ, ಚಿತ್ರ ಬರೆಯೋ ಹುಡುಗ ಹುಡುಗಿಯರು ಬೆಂಗಳೂರಿನ ಸ್ಟುಡಿಯೋಗಳಲ್ಲಿದ್ದಾರೆ. ಬೇರೆಯವರ ಅನಿಮೆಗೆ ಕನ್ನಡದ ಧ್ವನಿ ಕೇಳೋ ಜೊತೆಗೇ ಆ ಕೆಲಸವನ್ನೂ ಯಾರಾದರೂ ಶುರು ಮಾಡಬೇಕು.