ಪತ್ತಾಯ ಇದ್ದ ಮನೆ

ಮೊಬೈಲ್ ತೆಗೆದರೆ ಸಾಕು, ಅಮೆರಿಕದ ಯಾವುದೋ ಹೊಲದ ನಡುವೆ ಕಡಿದಾದ ಛಾವಣಿ, ಲಾರಿ ನುಗ್ಗುವಷ್ಟು ದೊಡ್ಡ ಬಾಗಿಲು. 'ಬಾರ್ನ್ ಹೌಸ್' ಅಂತೆ. ಹುಲ್ಲು, ದನ, ಧಾನ್ಯ ಇಡೋ ಕಟ್ಟಡದ ಹಾಗೇ ಕಟ್ಟಿದ ಮನೆ. ಈಗ ಬೆಂಗಳೂರಿನವರಿಗೂ ತೋಟದಲ್ಲಿ ಅಂಥದ್ದೇ ಬೇಕು. ಬೇಕಾದರೆ ಕಟ್ಟಿಕೊಳ್ಳಲಿ ಬಿಡಿ. ಆದರೆ ಉಗ್ರಾಣದೊಳಗೇ ಸಂಸಾರ ಮಾಡಿದ ಜನ ನಮ್ಮಲ್ಲಿ ಇರಲಿಲ್ವಾ?

ಇದ್ದರು. ಸುಳ್ಯ ಪೇಟೆಯ ಪಕ್ಕದಲ್ಲೇ ಆಲೆಟ್ಟಿ. ಆಚೆಗೆ ಹೋದರೆ ಕೇರಳದ ಗಡಿ. ಈ ಸೀಮೆಯ ಹಳೇ ಕೃಷಿಕರ ಮನೆ ಅಂದ್ರೆ ಮುಳಿಹುಲ್ಲಿನ ಮಾಡು, ಅದರ ಕೆಳಗೆ ಅಟ್ಟ, ಒಳಗೆ ಪತ್ತಾಯ, ಪಕ್ಕದಲ್ಲೇ ಹಟ್ಟಿ, ಎದುರಿಗೆ ಸೆಗಣಿ ಸಾರಿಸಿದ ಅಂಗಳ. ಪತ್ತಾಯ ಅಂದ್ರೆ ಭತ್ತ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ಅದರ ಮೇಲೇ ಹಾಸಿಗೆ ಹಾಸಿ ಮಲಗುತ್ತಿದ್ದರು. ಅಕ್ಕಿಯನ್ನು ಬೈಹುಲ್ಲಿನ ಹಗ್ಗದಲ್ಲಿ ಚೆಂಡಿನ ಹಾಗೆ ಬಿಗಿದರೆ ಅದು ಮುಡಿ, ಸುಮಾರು 40 ಕೆಜಿ. ಗೇಣಿಯ ಲೆಕ್ಕವೂ ಮುಡಿಯಲ್ಲೇ.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಇದೊಂದು ಹೇಳಲೇಬೇಕು. ಒಲೆಯ ಹೊಗೆ ಅಟ್ಟಕ್ಕೆ ಏರಿ, ಅಲ್ಲಿಟ್ಟ ಬೀಜ ಒಣಗಿಸಿ, ಹುಳ ಓಡಿಸಿ, ಹುಲ್ಲಿನ ಮಾಡಿನ ಸಂದಿಯಿಂದ ಹೊರಗೆ ಹೋಗ್ತಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಾಗದಲ್ಲಿ ಧಾನ್ಯ ಉಳಿಸೋದಕ್ಕೆ ಇದಕ್ಕಿಂತ ಅಗ್ಗದ ಯಂತ್ರ ಯಾವುದಿದೆ ಹೇಳಿ?

ಇಷ್ಟು ಹೇಳಿದ್ದು ಯಾಕೆ ಅಂದ್ರೆ, ಆ ಪತ್ತಾಯವೇ ಮನೆಯ ಬ್ಯಾಂಕು. ಅಮರ ಸುಳ್ಯ ಸೀಮೆ ಕೊಡಗಿನ ಅರಸರ ಕೈಯಲ್ಲಿದ್ದಾಗ ಕಂದಾಯವನ್ನು ದವಸದಲ್ಲೇ ಕೊಡಬಹುದಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿತು, ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕಂದಾಯ ನಗದಾಗಿ ಕಟ್ಟಿ ಅಂದಿತು. ಪತ್ತಾಯದ ತುಂಬ ಭತ್ತ ಇದೆ, ಕೈಯಲ್ಲಿ ಕಾಸಿಲ್ಲ. ಏನ್ ಮಾಡ್ತಾರೆ? ಕುಯಿಲಿನ ಹೊತ್ತಿಗೆ, ಬೆಲೆ ಬಿದ್ದಾಗಲೇ ಮಾರಬೇಕು, ಇಲ್ಲ ಸಾಲ ಮಾಡಬೇಕು.

1837ರ ದಂಗೆಗೆ ಬೇರೆ ಕಾರಣಗಳೂ ಇದ್ದವು, ಅರಸೊತ್ತಿಗೆ ಮರಳಿ ತರುವ ಆಸೆಯೂ ಇತ್ತು. ಆದರೆ ಕೆದಂಬಾಡಿ ರಾಮಯ್ಯ ಗೌಡರ ಜೊತೆ ರೈತರು ಸುಮ್ಮನೆ ಹೊರಟವರಲ್ಲ. ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ನಂತರ ಗಲ್ಲು, ಗಡೀಪಾರು. ರಾಮಯ್ಯ ಗೌಡರ ಪ್ರತಿಮೆ ಅದೇ ಗುಡ್ಡೆಯ ಮೇಲೆ ನಿಂತದ್ದು 2022ರಲ್ಲಿ. ದಂಗೆ ಅಂದ್ರೆ ನಾವು 1857 ಅಂತೀವಿ. ಇದು ಅದಕ್ಕೂ 20 ವರ್ಷ ಮೊದಲು!

ಆಮೇಲೆ ಮನೆಯೇ ಬದಲಾಯಿತು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಿಧಾನಕ್ಕೆ ಮುಳಿಹುಲ್ಲು ಹೋಗಿ ಕೆಂಪು ಹೆಂಚು ಬಂತು. ಬೆಂಕಿಯ ಭಯ ಹೋಯಿತು, ಅಟ್ಟ ಉಳಿಯಿತು. ಅಟ್ಟ ಖಾಲಿಯಾಗಿದ್ದು ಗದ್ದೆಗಳು ಅಡಿಕೆ ತೋಟವಾದ ಮೇಲೆ. ಅಕ್ಕಿ ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರುವಾಗ ಪತ್ತಾಯ ಯಾಕೆ ಬೇಕು?

ಕಳೆದ ವರ್ಷ ಒಂದು ರೆಸಾರ್ಟಿಗೆ ಹೋಗಿದ್ದೆ. ರಿಸೆಪ್ಷನ್ನಿನಲ್ಲಿ ಹಲಸಿನ ಮರದ ಹಳೇ ಪತ್ತಾಯ, ಪಾಲಿಶ್ ಹೊಡೆದು ಇಟ್ಟಿದ್ದರು. ಒಳಗೇನಿದೆ ಅಂತ ಕೇಳಿದೆ. ಹುಡುಗ ಮುಚ್ಚಳ ಎತ್ತಿ ತೋರಿಸಿದ. ವೈಫೈ ರೂಟರ್.